ಕೊನೆಯ ಹತ್ತು ನಿಮಿಷ

ಬೆಟ್ಟದ ಮನೆ, ಸ್ಕಾರ್‌ದಾಲ್
೨೮ ಮಾರ್ಚ್ ೧೯೮೯

ಸಿಗ್ನೆಗೆ,

ಕ್ರಿಸ್‌ಮಸ್ ಕಾರ್ಡಿನಲ್ಲಿ ಹಿಡಿಯುವುದಕ್ಕಿಂತ ಹೆಚ್ಚು ಅಕ್ಷರ ನಿನಗೆ ಬರೆದು ನಾಲ್ಕು ವರ್ಷವಾಯಿತು. ಆದ್ದರಿಂದ ಇದನ್ನು ಅಪ್ಪನ ಕಾಗದ ಎಂದುಕೊಳ್ಳಬೇಡ. ಟೀವಿ ನೋಡುವವನೊಬ್ಬ ಟೀವಿಗೆ ಬರೆಯುವವಳಿಗೆ ಕಳಿಸಿದ ಅಭಿಪ್ರಾಯ ಎಂದುಕೋ.

ಈ ಈಸ್ಟರ್‌ಗೂ ಇಡೀ ದೇಶ ಎಂದಿನಂತೆ ಬೆಟ್ಟ ಹತ್ತಿ, ಕಿತ್ತಳೆ ಸುಲಿದು, ಟೀವಿಯಲ್ಲಿ ಕೊಲೆ ಕಥೆ ನೋಡುತ್ತ ಕೂತಿತ್ತು. ನಾಲ್ಕು ಸಂಜೆ, ನಾಲ್ಕು ಕಂತು: ‘ಕರಗುವ ಸಾಕ್ಷಿ’. ಗುರುವಾರ ಕೊನೆಯಲ್ಲಿ ಓಡಿದ ಹೆಸರುಗಳ ನಡುವೆ ‘ಬರೆದವರು: ಸಿಗ್ನೆ ಬ್ರೆಕ್ಕೆ’ ಎಂದು ಬಂತು. ಊರಲ್ಲಿ ನಮ್ಮ ಪಕ್ಕದ ಮನೆಯ ಓಡ್ವಾರ್ ಶುಕ್ರವಾರ ಬೆಳಿಗ್ಗೆಯೇ ಸ್ಕೀ ಮೇಲೆ ಜಾರಿ ಬಂದು ಅಂಗಳದಿಂದಲೇ ಕೂಗಿದ.

‘ಏನಯ್ಯಾ ಔಡುನ್, ಮಗಳು ಪೊಲೀಸ್ ಕಥೆ ಬರೆದಿದ್ದಾಳಲ್ಲ! ಅಪ್ಪನ ಹತ್ರ ಪಾಠ ಹೇಳಿಸ್ಕೊಂಡ್ಳಾ?’

‘ಇಲ್ಲ,’ ಅಂದೆ. ‘ಅದಕ್ಕೇ ಅಷ್ಟೊಂದು ತಪ್ಪು.’

ಹೆಪ್ಪುಗಟ್ಟಿದ ಕೆರೆಯ ಹಿಮಗಡ್ಡೆ ಒಡೆದು ಒಬ್ಬ ಮುಳುಗಿ ಸಾಯುತ್ತಾನೆ. ಅವನ ಹೆಂಡತಿ ಎಲ್ಲೆನ್ ಮೇಲೆ ಎಲ್ಲರಿಗೂ ಅನುಮಾನ. ತನಿಖೆಗೆ ಬಂದ ಪತ್ತೇದಾರ ವಿಕ್ ಅವಳನ್ನೇ ಪ್ರೀತಿಸುತ್ತಾನೆ. ಮೂರನೆಯ ಕಂತಿನಲ್ಲಿ ಅವಳ ಹೆಜ್ಜೆ ಗುರುತಿನ ಫೋಟೊಗಳನ್ನು ಒಲೆಗೆ ಹಾಕುತ್ತಾನೆ. ನಿನ್ನ ಕಥೆಯನ್ನು ನಿನಗೇ ಹೇಳುತ್ತಿದ್ದೇನೆ. ವರದಿ ಬರೆದವನ ಅಭ್ಯಾಸ, ಮೊದಲು ಘಟನೆ, ಆಮೇಲೆ ಆಕ್ಷೇಪ.

ಆಕ್ಷೇಪಗಳು ಇವು. ಮೊಣಕಾಲುದ್ದದ ಹಿಮದಲ್ಲಿ ಪಟ್ಟಣದ ಷೂ ಹಾಕಿಕೊಂಡು ಓಡುವ ಪೊಲೀಸನಿಗೆ ಎರಡನೆಯ ಕಂತು ಇರುವುದಿಲ್ಲ, ನ್ಯುಮೋನಿಯಾ ಇರುತ್ತದೆ. ಕೇಸು ಮುಚ್ಚುವ ಮೊದಲು ಶಂಕಿತೆಯ ಅಡುಗೆಮನೆಯಲ್ಲಿ ಕೂತು ವಾಫಲ್ ತಿನ್ನುವವನನ್ನು ಮೂವತ್ತೆಂಟು ವರ್ಷದ ಪೊಲೀಸ್ ನೌಕರಿಯಲ್ಲಿ ನಾನು ಕಂಡಿಲ್ಲ. ಕೇಸು ಮುಚ್ಚಿದ ಮೇಲಿನ ಮಾತು ಬೇರೆ.

ಈಗ ನಿಜವಾದ ವಿಷಯ. ನಮ್ಮ ಬೆಟ್ಟಕ್ಕೆ ಕರೆಂಟ್ ಬಂದಿಲ್ಲ, ನಿನಗೆ ಗೊತ್ತು. ಕಾರಿನ ಬ್ಯಾಟರಿ ಬಿಚ್ಚಿ, ಜಾರುಬಂಡಿಗೆ ಕಟ್ಟಿ, ಏಳು ಕಿಲೋಮೀಟರ್ ಎಳೆದು ತಂದಿದ್ದೆ. ಸಣ್ಣ ಕಪ್ಪು-ಬಿಳುಪು ಟೀವಿಗೆ ಅದು ನಾಲ್ಕು ಕಂತಿಗೂ ಧಾರಾಳ. ಆದರೆ ಭಾನುವಾರ ಮಧ್ಯಾಹ್ನ ಸ್ಕೀ ಜಿಗಿತದ ಪಂದ್ಯ ಇತ್ತು, ಅರ್ಧ ಗಂಟೆ ನೋಡೋಣ ಎಂದು ಹಚ್ಚಿದವನು ಎರಡು ಗಂಟೆ ನೋಡಿದೆ. ಪ್ರತಿ ಈಸ್ಟರ್‌ಗೂ ಪ್ರತಿ ಬೆಟ್ಟದಲ್ಲೂ ಯಾರಾದರೊಬ್ಬ ಈ ತಪ್ಪು ಮಾಡುತ್ತಾನೆ. ಈ ವರ್ಷ ನನ್ನ ಸರದಿ. ಕೊನೆಯ ಕಂತು, ರೈಲು ನಿಲ್ದಾಣ. ಎಲ್ಲೆನ್ ಪ್ಲಾಟ್‌ಫಾರ್ಮಿನ ಮೇಲೆ. ರೈಲು ಬರುತ್ತಿದೆ. ವಿಕ್‌ನ ಕೈ ಕೋಟಿನ ಜೇಬಿನೊಳಗೆ. ಅಷ್ಟರಲ್ಲಿ ಚಿತ್ರ ಕುಗ್ಗಿ ಕುಗ್ಗಿ ಒಂದು ಬಿಳಿ ಚುಕ್ಕೆಯಾಯಿತು, ಆಮೇಲೆ ಚುಕ್ಕೆಯೂ ಹೋಯಿತು. ಗಡಿಯಾರ ನೋಡಿದೆ. ಇನ್ನೂ ಹತ್ತು ನಿಮಿಷ ಬಾಕಿ.

ಹವೆ, ಊಟ, ಬಂದವರ ಹೆಸರು ಬರೆದಿಡುವ ಬೆಟ್ಟದ ಮನೆಯ ಪುಸ್ತಕದಲ್ಲಿ, ಪದ್ಧತಿಯಂತೆ ಪ್ರಾಸ ಕಟ್ಟಿ, ದಾಖಲಿಸಿದೆ:

ಬೆಟ್ಟದಲ್ಲಿ ಬ್ಯಾಟರಿ ಸತ್ತಿತು, ಪತ್ತೇದಾರ ಬದುಕಿದನೋ?
ಕೊಟ್ಟ ಮುತ್ತಿಗೆ ಕಟ್ಟುಬಿದ್ದನೋ, ಕೊಲೆಗಾತಿಯ ಹುಡುಕಿದನೋ?

ಓಡ್ವಾರ್‌ನನ್ನು ಕೇಳಬಹುದಿತ್ತು. ಬರೆದವಳ ಅಪ್ಪನೇ ಕೊನೆ ನೋಡಿಲ್ಲ ಎಂದು ಯಾವ ಮುಖದಲ್ಲಿ ಹೇಳಲಿ? ಎರಡು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಸ್ಕೀಗೆ ಮೂರು ಸಲ ಮೇಣ ಹಚ್ಚಿದೆ, ಎಲ್ಲಿಗೂ ಹೋಗಲಿಲ್ಲ. ವಿಕ್ ಏನಾದ? ಒಂದು ಸಾಲು ಬರೆದರೆ ಸಾಕು.

ಔಡುನ್ ಬ್ರೆಕ್ಕೆ
(ಅಪ್ಪ)


ಓಸ್ಲೊ
೫ ಏಪ್ರಿಲ್ ೧೯೮೯

ಮಾನ್ಯ ವೀಕ್ಷಕರಾದ ಔಡುನ್ ಬ್ರೆಕ್ಕೆ ಅವರಿಗೆ,

ತಮ್ಮ ಅಭಿಪ್ರಾಯಕ್ಕೆ ಧನ್ಯವಾದ. ತಮ್ಮದೂ ಸೇರಿ ನನ್ನ ಮೇಜಿನ ಮೇಲೆ ನಾನೂರ ಹನ್ನೆರಡು ಕಾಗದಗಳಿವೆ. ಟೀವಿ ಕೇಂದ್ರದವರು ಬುಟ್ಟಿಯಲ್ಲಿ ತುಂಬಿ ಮನೆಗೇ ಕಳಿಸಿಬಿಟ್ಟರು. ಷೂ ಬಗ್ಗೆ ಆಕ್ಷೇಪಿಸಿದವರಲ್ಲಿ ನೀವು ಅರವತ್ತೊಂದನೆಯವರು.

ಬರ್ಗೆನ್‌ನ ಮಾಸ್ತರರೊಬ್ಬರ ಪ್ರಕಾರ ವಿಕ್‌ನ ಮೀಸೆ ಮೂರನೆಯ ಕಂತಿನಲ್ಲಿ ಎಡಕ್ಕೆ ವಾಲಿದೆ. ಹಾಮಾರ್‌ನ ಹಲ್ಲಿನ ಡಾಕ್ಟರು ಬರೆಯುತ್ತಾರೆ: ‘ಮುತ್ತು ಮುಗಿಯುವ ಹೊತ್ತಿಗೆ ಹಿಂದೆ ಕಾಫಿ ಉಕ್ಕಿ ಹರಿದಿತ್ತು. ಒಲೆ ಒರೆಸಿದ್ದು ಯಾರು? ಇದನ್ನು ತೋರಿಸದೆ ಕಥೆ ಮುಂದೆ ಹೋದದ್ದು ಬೇಜವಾಬ್ದಾರಿ.’ ಟ್ರೋಂಡ್‌ಹೈಮ್‌ನ ಗಂಡ-ಹೆಂಡತಿ ಒಂದೇ ಹಾಳೆಯ ಎರಡು ಮಗ್ಗುಲಲ್ಲಿ ಬರೆದಿದ್ದಾರೆ. ಈ ಕಡೆ ಗಂಡ, ವಿಕ್‌ಗೆ ಜೈಲಾಗಬೇಕಿತ್ತು. ಆ ಕಡೆ ಹೆಂಡತಿ, ಮದುವೆಯಾಗಬೇಕಿತ್ತು. ಕೆಳಗೆ ಮತ್ತೆ ಗಂಡ, ಎರಡೂ ಒಂದೇ.

ಕೊನೆಯನ್ನು ಕೇಳಿದ್ದೀರಿ. ಹೇಳಲಾರೆ. ನಲವತ್ತು ಲಕ್ಷ ಜನರ ದೇಶದಲ್ಲಿ ಸ್ಕೀ ಜಿಗಿತಕ್ಕೆ ಬ್ಯಾಟರಿ ಸುಟ್ಟುಕೊಂಡವರಿಗೆಲ್ಲ ಬರೆದವಳು ಮನೆಮನೆಗೆ ಹೋಗಿ ಕೊನೆ ಹೇಳುತ್ತ ಕೂರಲು ಆಗುವುದಿಲ್ಲ. ಮರುಪ್ರಸಾರ ನವೆಂಬರಿನಲ್ಲಿ. ಅಲ್ಲಿಯ ತನಕ ತಡೆಯಲಾಗದಿದ್ದರೆ ನೀವು ಮೂವತ್ತೆಂಟು ವರ್ಷ ಮಾಡಿದ ಕೆಲಸವನ್ನೇ ಮಾಡಿ. ಸುತ್ತ ಸಾಕ್ಷಿಗಳಿದ್ದಾರೆ. ವಿಚಾರಿಸಿ.

ಅಮ್ಮನ ಮಣ್ಣಿನ ದಿನ ನಾನು ಕಾಫಿ ಕುಡಿಯದೆ ಬಸ್ಸು ಹತ್ತಿದೆ ಎಂದು ಊರಲ್ಲೆಲ್ಲ ಹೇಳಿಕೊಂಡಿರಂತೆ. ಯಾಕೆ ಹತ್ತಿದೆ ಎಂದು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಕೊನೆಯ ಹತ್ತು ನಿಮಿಷಕ್ಕೆ ಇಷ್ಟು ಚಡಪಡಿಸುವವರು ಅದಕ್ಕೆ ಮುಂಚಿನ ಮೂವತ್ತು ವರ್ಷದ ಬಗ್ಗೆ ಒಂದು ಅಭಿಪ್ರಾಯವನ್ನಾದರೂ ಬರೆಯಬಹುದಿತ್ತು.

ಬರೆದವರ ಪರವಾಗಿ,
ಸಿಗ್ನೆ ಬ್ರೆಕ್ಕೆ


ಸ್ಕಾರ್‌ದಾಲ್, ಊರ ಮನೆ
೧೭ ಏಪ್ರಿಲ್ ೧೯೮೯

ಸಿಗ್ನೆಗೆ,

ಆದೇಶ ಪಾಲಿಸಿದ್ದೇನೆ. ಸಾಕ್ಷಿಗಳ ಹೇಳಿಕೆ ಹೀಗಿದೆ.

ಮೊದಲನೆಯ ಸಾಕ್ಷಿ ಓಡ್ವಾರ್, ನಿವೃತ್ತ ಬಡಗಿ. ನೇರವಾಗಿ ಕೇಳದೆ, ‘ಕೊನೆ ಹೆಂಗನಿಸ್ತು?’ ಎಂದು ಸುತ್ತಿ ಬಳಸಿ ಕೇಳಿದೆ.

‘ರೈಲು ಹತ್ತಿಬಿಟ್ಟನಲ್ಲಯ್ಯಾ! ಹೇಡಿ!’

‘ಎಲ್ಲಿ ಹತ್ತಿದ?’ ಎಂದು ಒಳಗಿಂದ ಅವನ ಹೆಂಡತಿ ಕ್ಲಾರಾ. ‘ಅವ್ನು ಕೆಳಗೇ ನಿಂತು ಅತ್ತ. ನೀನು ಆಗ ಸೌದೆ ತರಕ್ಕೆ ಹೋಗಿದ್ದೆ.’

‘ಸೌದೆ ತಂದಿದ್ದು ಮುತ್ತಿನ ಹೊತ್ತಲ್ಲಿ ಕಣೇ. ರೈಲಿನ ಹೊತ್ತಲ್ಲಿ ಇಲ್ಲೇ ಇದ್ದೆ.’

‘ಮುತ್ತು ಬಂದಾಗೆಲ್ಲ ಇವ್ರಿಗೆ ಸೌದೆ ಜ್ಞಾಪಕ ಬರತ್ತೆ ಔಡುನ್. ನಲವತ್ತು ವರ್ಷದಿಂದ.’

ಸಾಕ್ಷಿಗಳು ಪರಸ್ಪರ ವಿಚಾರಣೆಗೆ ಇಳಿದದ್ದರಿಂದ ನಾನು ಎದ್ದು ಬಂದೆ.

ಎರಡನೆಯ ಸಾಕ್ಷಿ ಯೊರುನ್. ಕಿರಾಣಿ ಅಂಗಡಿ ಅವಳದೇ, ಅಂಚೆಯೂ ಅವಳ ಕೈಯಲ್ಲೇ. ಅವಳ ಪ್ರಕಾರ ವಿಕ್ ಜೇಬಿನಿಂದ ಕೈಕೋಳ ತೆಗೆದ. ‘ನೀನು ಕೈಕೋಳ ಕಂಡೆಯಾ?’ ಅಂದೆ. ‘ಕಾಣಲಿಲ್ಲ, ಆದ್ರೆ ಕೈ ಜೇಬಲ್ಲಿ ಇತ್ತಲ್ಲ. ಪೊಲೀಸ್ರ ಜೇಬಲ್ಲಿ ಇನ್ನೇನಿರತ್ತೆ, ಕರ್ಚೀಫಾ?’ ಇಂಥ ಸಾಕ್ಷಿಗಳಿಂದಲೇ ಹಿಂದೆ ಜನ ಗಲ್ಲಿಗೇರುತ್ತಿದ್ದರು.

ಮೂರನೆಯವರು ನಮ್ಮ ಪಾದ್ರಿ. ತಾವು ಅಂಥದ್ದನ್ನೆಲ್ಲ ನೋಡುವುದಿಲ್ಲ ಎಂದರು. ಒಂದು ನಿಮಿಷ ಬಿಟ್ಟು, ಎಲ್ಲೆನ್ ನಿರಪರಾಧಿ ಎಂದೂ ಹೇಳಿದರು.

ಹೀಗೆ ಒಬ್ಬನೇ ವಿಕ್ ಒಂದೇ ಹೊತ್ತಿಗೆ ರೈಲು ಹತ್ತಿದ್ದಾನೆ, ಅತ್ತಿದ್ದಾನೆ, ಹೆಂಗಸಿಗೆ ಕೋಳ ತೊಡಿಸಿದ್ದಾನೆ. ಯಾರಿಗೂ ಅವನು ಮಾಡಿದ್ದು ಹಿಡಿಸಿಲ್ಲ, ಇಷ್ಟು ಮಾತ್ರ ಖಚಿತ. ಓಡ್ವಾರ್ ಮನೆಯಿಂದ ನಾನು ಹೊರಡುವಾಗ ಕ್ಲಾರಾ ಬಾಗಿಲ ತನಕ ಬಂದು, ‘ಏನೇ ಅನ್ನು, ಆ ಗೇಟಿನ ಕಂಬದ ಮೇಲೆ ಮಗುವಿನ ಕೈಗವಸು ತೋರಿಸಿದ್ರಲ್ಲ, ಅಲ್ಲಿ ನಾನು ಹೆಣಿಗೆ ಕೆಳಗಿಟ್ಬಿಟ್ಟೆ’ ಅಂದಳು.

ನಿನ್ನ ಮೂವತ್ತು ವರ್ಷದ ಪ್ರಶ್ನೆಗೆ ಉತ್ತರ ಬರೆಯಲು ನಾಲ್ಕು ಸಲ ಕೂತೆ. ನಾಲ್ಕು ಸಲವೂ ಎದ್ದು ಹೊರಗೆ ಹೋಗಿ ಮಾಡಿನ ಅಂಚಿನ ಹಿಮಗಡ್ಡೆ ಹೊಡೆದೆ. ಈಗ ಹೊಡೆಯಲು ಗಡ್ಡೆಯೂ ಉಳಿದಿಲ್ಲ. ಆದ್ದರಿಂದ ತಾಂತ್ರಿಕ ದೋಷಗಳಿಗೇ ಬರುತ್ತೇನೆ. ಮಾರ್ಚ್ ಎನ್ನುತ್ತೀಯ, ಮರದಲ್ಲಿ ಎಲೆ ಇದೆ. ಠಾಣೆಯ ಗಡಿಯಾರ ಎರಡು ದೃಶ್ಯದಲ್ಲಿ ಒಂದೇ ಹೊತ್ತು ತೋರಿಸುತ್ತದೆ. ಕ್ಲಾರಾಳ ಬಣ್ಣದ ಟೀವಿಯಲ್ಲಿ ಕೈಗವಸು ಕೆಂಪಗಿತ್ತಂತೆ. ಅದು ಕೆಂಪಲ್ಲ. ಬೂದು. ಹಿಂಬದಿಯಲ್ಲಿ ಎಂಟೆಸಳಿನ ಬಿಳಿ ಹೂವು, ಅದರಲ್ಲಿ ಬಲಗಡೆಯ ಒಂದು ಎಸಳು ಬಿಟ್ಟುಹೋಗಿತ್ತು.

ಕಾಗದ ಮುಗಿಯಿತು. ಇಷ್ಟನ್ನು ಅಂಗಡಿಯಲ್ಲೇ ನಿಂತು ಮುಗಿಸುತ್ತಿದ್ದೇನೆ, ಯೊರುನ್ ಅಂಚೆ ಚೀಲ ಕಟ್ಟುತ್ತಿದ್ದಾಳೆ.

ಔಡುನ್


ಓಸ್ಲೊ
೨೦ ಏಪ್ರಿಲ್ ೧೯೮೯

ಅಪ್ಪಾ,

ನಿನ್ನ ಕಾಗದವನ್ನು ಟ್ರಾಮಿನಲ್ಲಿ ನಿಂತೇ ಓದಿದೆ. ಇಳಿಯುವ ನಿಲ್ದಾಣ ದಾಟಿ ಕೊನೆಯ ನಿಲ್ದಾಣದ ತನಕ ಹೋದೆ. ‘ಎಲ್ಲರೂ ಇಳೀಬೇಕಮ್ಮ’ ಎಂದು ಡ್ರೈವರ್ ಎರಡು ಸಲ ಹೇಳಿದನಂತೆ.

ಬೂದು ಬಣ್ಣವನ್ನು ನಿನ್ನ ಕಪ್ಪು-ಬಿಳುಪು ಟೀವಿಯ ಮೇಲೆ ಹಾಕಬಹುದಿತ್ತು. ಅದರಲ್ಲಿ ಕೆಂಪೂ ಬೂದೇ, ಆದರೆ ಕೈಗವಸು ಬರುವ ಮೊದಲೇ ನಿನ್ನ ಬ್ಯಾಟರಿ ಸತ್ತಿತ್ತು. ಮತ್ತೆ ಆ ಹೂವು? ನಾವು ಚಿತ್ರೀಕರಣಕ್ಕೆ ಬಳಸಿದ ಕೈಗವಸಿನಲ್ಲಿ ಹೂವೇ ಇರಲಿಲ್ಲ, ಅಪ್ಪಾ. ಬರಿಯ ಕೆಂಪು ಉಣ್ಣೆ. ಯಾರಿಗೂ ಗೊತ್ತಾಗಬಾರದು ಎಂದೇ ನಾನು ಬಣ್ಣ ಬದಲಿಸಿದ್ದೆ, ಹೂವನ್ನು ತೆಗೆದಿದ್ದೆ. ಬಿಟ್ಟುಹೋದ ಎಸಳಿನ ಸುದ್ದಿಯನ್ನು ಒಂದು ಹಾಳೆಯಲ್ಲೂ ಬರೆದಿಲ್ಲ. ಅದು ಹೆಣೆದ ಅಮ್ಮನಿಗೆ ಗೊತ್ತು. ತೊಟ್ಟ ನನಗೆ ಗೊತ್ತು. ಕಳೆದುಹೋದ ಮೇಲೆ ಕಂಡವನಿಗೆ ಗೊತ್ತು.

ಸ್ಥಳದಲ್ಲಿದ್ದವನಿಗೆ ಮಾತ್ರ ಗೊತ್ತಿರುವ ಒಂದು ವಿವರ ಬಾಯಿ ತಪ್ಪಿ ಬರುತ್ತೆ, ಅಲ್ಲಿಗೆ ಕೇಸು ಮುಗೀತು. ಊಟಕ್ಕೆ ಕೂತಾಗ ನನಗೆ ಇದನ್ನು ಹೇಳಿಕೊಟ್ಟವನು ನೀನು.

ಸರಿ, ನನ್ನ ಹೇಳಿಕೆ ನಾನೇ ಕೊಡುತ್ತೇನೆ. ಮಾರ್ಚ್ ೧೯೫೮. ನನಗೆ ಹನ್ನೊಂದು. ಶಾಲೆ ಬಿಟ್ಟ ಮೇಲೆ ನಿನ್ನ ಸ್ಕೀ ಗುರುತು ಕಂಡೆ, ಎಡಗಡೆಯದು ಯಾವಾಗಲೂ ಸ್ವಲ್ಪ ಒಳಗೆ ತಿರುಗಿರುತ್ತಿತ್ತು. ನಿನ್ನನ್ನು ಬೆಚ್ಚಿಬೀಳಿಸೋಣ ಎಂದು ಹಿಂಬಾಲಿಸಿದೆ. ಗುರುತು ಕೆರೆ ದಾಟಿ ತೋರಾ ಲೀನ್ ಮನೆಗೆ ಹೋಯಿತು. ಅವಳ ಗಂಡ ಎಮಿಲ್ ಜನವರಿಯಲ್ಲಿ ಅದೇ ಕೆರೆಯ ಹಿಮಗಡ್ಡೆ ಒಡೆದು ಮುಳುಗಿ ಸತ್ತಿದ್ದ. ಆ ತನಿಖೆ ನಿನ್ನದೇ. ನಾನು ಸೌದೆ ರಾಶಿಯ ಹಿಂದೆ ನಿಂತೆ. ಕಿಟಕಿಯಲ್ಲಿ ನೀನು ಕಂಡೆ. ನಿನ್ನ ಕೈಯನ್ನು ಅವಳು ಹಿಡಿದುಕೊಂಡಿದ್ದಳು. ಓಡಿ ಬಂದೆ. ಮನೆಗೆ ಬಂದಾಗ ಒಂದು ಕೈ ಬರಿದಾಗಿತ್ತು.

‘ಶಾಲೆಯ ಜಾರುಗುಡ್ಡೆಯಲ್ಲಿ ಬಿತ್ತು’ ಎಂದು ಅಮ್ಮನಿಗೆ ಸುಳ್ಳು ಹೇಳಿದೆ. ನೀನು ಎದುರಿಗೇ ಕೂತು ಸೂಪ್ ಕುಡಿಯುತ್ತಿದ್ದೆ.

ಅವತ್ತಿನಿಂದ ಅಮ್ಮನ ಮುಖ ನೋಡಿದಾಗೆಲ್ಲ ನಾನೇ ಕಳ್ಳಿ ಅನ್ನಿಸುತ್ತಿತ್ತು. ಹತ್ತೊಂಬತ್ತಕ್ಕೆ ಮನೆ ಬಿಟ್ಟದ್ದು ಓದಲಿಕ್ಕಲ್ಲ. ನೀನು ತೋರಾಳಿಗಾಗಿ ಕೇಸು ಮುಚ್ಚಿದೆ ಎಂದು ನಂಬಿಕೊಂಡೇ ಬೆಳೆದೆ. ವಿಕ್ ಫೋಟೊ ಸುಟ್ಟದ್ದು ಅದಕ್ಕೇ.

ನಿನಗೆ ಯಾವಾಗಿನಿಂದ ಗೊತ್ತು? ಇದೊಂದಕ್ಕೆ ಉತ್ತರ ಕೊಡು. ಬೇರೆ ಯಾವ ಅಭಿಪ್ರಾಯವೂ ಬೇಡ.

ಸಿಗ್ನೆ


ಓಸ್ಲೊ
೯ ಮೇ ೧೯೮೯

ಅಪ್ಪಾ,

ಹತ್ತೊಂಬತ್ತು ದಿನವಾಯಿತು. ಫೋನ್ ಮಾಡಿದರೆ ಎತ್ತುತ್ತಿಲ್ಲ. ಅಂಗಡಿಗೆ ಮಾಡಿದೆ. ‘ಇದ್ದಾರಮ್ಮ, ನಿನ್ನೆ ಕಾಫಿಪುಡಿ ತಗೊಂಡ್ರು. ಮಾತಾಡ್ಲಿಲ್ಲ ಅಷ್ಟೇ’ ಎಂದಳು ಯೊರುನ್. ಬದುಕಿದ್ದೀಯ ಎಂದು ಗೊತ್ತಾಗಿ ಕೋಪ ಮಾಡಿಕೊಳ್ಳಲು ಧೈರ್ಯ ಬಂತು.

ನನಗೆ ಕೆಲಸ ಓಡುತ್ತಿಲ್ಲ. ಬುಟ್ಟಿಯ ಕಾಗದಗಳನ್ನು ಊರಿನ ಪ್ರಕಾರ ಜೋಡಿಸಿದೆ, ಆಮೇಲೆ ಬಣ್ಣದ ಪ್ರಕಾರ, ಆಮೇಲೆ ಎಲ್ಲ ಕಲಸಿ ಮತ್ತೆ ಬುಟ್ಟಿಗೆ ಹಾಕಿದೆ.

ನೀನು ಬಾಯಿ ಬಿಡುವುದಿಲ್ಲ ಎಂದಾದರೆ ನಾನೇ ಬಿಡುತ್ತೇನೆ. ನಿನ್ನ ಹತ್ತು ನಿಮಿಷ ಇಲ್ಲಿದೆ, ತೆಗೆದುಕೋ.

ಜೇಬಿನಲ್ಲಿ ಕೈಕೋಳವಿಲ್ಲ, ಟಿಕೇಟು. ಒಂದೇ ಟಿಕೇಟು. ಎಲ್ಲೆನ್ ನಿರಪರಾಧಿಯೋ ಅಲ್ಲವೋ ಅವನು ಕೇಳುವುದೇ ಇಲ್ಲ, ಅವಳೂ ಹೇಳುವುದಿಲ್ಲ. ವಿಕ್ ಒಬ್ಬನೇ ರೈಲು ಹತ್ತುತ್ತಾನೆ. ಓಡ್ವಾರ್ ಮಾಮ ಕಂಡದ್ದು ಸರಿ. ಅತ್ತದ್ದು ಎಲ್ಲೆನ್, ಅದನ್ನು ಕ್ಲಾರಾ ಅವನ ತಲೆಗೆ ಕಟ್ಟಿದ್ದಾಳೆ. ರೈಲು ಎಲ್ಲೆನ್ ಮನೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಗೇಟಿನ ಕಂಬದ ಮೇಲೆ ಕೈಗವಸು. ದಾರಿಯಲ್ಲಿ ಸಿಕ್ಕಿದ್ದನ್ನು ಕಳೆದುಕೊಂಡವರ ಕಣ್ಣಿಗೆ ಬೀಳುವಂತೆ ಯಾರೋ ಪುಣ್ಯಾತ್ಮರು ತಗುಲಿಹಾಕುತ್ತಾರಲ್ಲ, ಹಾಗೆ. ಕ್ಯಾಮೆರಾ ಅದನ್ನು ನೋಡುತ್ತದೆ. ವಿಕ್ ಇನ್ನೊಂದು ಕಡೆಯ ಕಿಟಕಿಯಲ್ಲಿ ನೋಡುತ್ತಿದ್ದಾನೆ. ಮುಗಿಯಿತು.

ನಾನೂರ ಹನ್ನೆರಡು ಜನ ಬರೆದರು. ಮೀಸೆ ಕಂಡರು, ಷೂ ಕಂಡರು. ಒಬ್ಬಳು ಮಾತ್ರ, ಬೋದೋ ಊರಿನ ಒಬ್ಬ ಅಜ್ಜಿ, ಪೋಸ್ಟ್‌ಕಾರ್ಡಿನಲ್ಲಿ ಕೇಳಿದ್ದಾಳೆ: ‘ಆ ಕೈಗವಸು ತಗೊಂಡು ಹೋಗೋಕೆ ಯಾರಾದ್ರೂ ಬಂದ್ರಾ?’

ಮೂವತ್ತೊಂದು ವರ್ಷ ನಾನು ನಂಬಿದ್ದು ಇದನ್ನು: ನೀನು ನೋಡಲಿಲ್ಲ. ನೋಡದವನನ್ನು ದ್ವೇಷಿಸಲು ನನಗೆ ಅಭ್ಯಾಸವಾಗಿದೆ. ನೋಡಿಯೂ ಸುಮ್ಮನಿದ್ದವನನ್ನು ಏನು ಮಾಡಬೇಕೋ ಗೊತ್ತಾಗುತ್ತಿಲ್ಲ.

ಸಿಗ್ನೆ


ಸ್ಕಾರ್‌ದಾಲ್, ಊರ ಮನೆ
೧೮ ಮೇ ೧೯೮೯

ಸಿಗ್ನೆ,

ನೋಡಿದ್ದೆ. ಹನ್ನೊಂದನೇ ಮಾರ್ಚ್ ೧೯೫೮, ಮಂಗಳವಾರ, ಸಂಜೆ ನಾಲ್ಕೂವರೆ. ತೋರಾಳ ಮನೆಯಿಂದ ಹೊರಬಿದ್ದಾಗ ಗೇಟಿನ ಕಂಬದ ಮೇಲೆ ಇತ್ತು. ದಾರಿಹೋಕರು ಯಾರೋ ತಗುಲಿಸಿ ಹೋಗಿದ್ದರು. ಒಳಗೆ ಇನ್ನೂ ಸ್ವಲ್ಪ ಬೆಚ್ಚಗಿದೆ ಅನ್ನಿಸಿತು. ಸಾಧ್ಯವಿಲ್ಲ, ಆದರೂ ಅನ್ನಿಸಿತು. ಸೌದೆ ರಾಶಿಯ ಹಿಂದೆ ಸಣ್ಣ ಸ್ಕೀ ಗುರುತು. ಓದಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮೊದಲು ಕೇಸಿನ ವಿಷಯ. ನಾನು ಏನನ್ನೂ ಸುಡಲಿಲ್ಲ. ಎಮಿಲ್ ಕುಡಿದು ಬರುತ್ತಿದ್ದ, ಕೆರೆಯ ಮೇಲೆ ಒಂದೇ ಜೊತೆ ಹೆಜ್ಜೆ, ಅವನದೇ. ಇಬ್ಬರು ಡಾಕ್ಟರು ನೋಡಿದರು. ಫೆಬ್ರವರಿ ಮೂರರಂದು ಕಡತ ಮುಚ್ಚಿತು. ಅದರಲ್ಲಿ ಫೋಟೊಗಳಿವೆ, ನೀನು ಹೋಗಿ ನೋಡಬಹುದು. ಕಡತ ಮುಚ್ಚಿದ ಮೇಲೆ ನಾನು ತೋರಾಳ ಮನೆಗೆ ಏಳು ಸಲ ಹೋದೆ. ಅದಕ್ಕೆ ಕಡತವಿಲ್ಲ. ಪ್ರೀತಿ ಎನ್ನುವ ಪದವನ್ನು ನಿನ್ನ ವಿಕ್ ಕಾಫಿ ಕೇಳಿದಷ್ಟು ಸಲೀಸಾಗಿ ಬಳಸುತ್ತಾನೆ. ನಾನು ಬಳಸಲಿಲ್ಲ. ಬೇರೆ ಪದ ಹುಡುಕಿದೆ, ಇವತ್ತಿನ ತನಕ ಸಿಕ್ಕಿಲ್ಲ. ಏಳನೆಯ ಸಲದ ಮೇಲೆ ಹೋಗಲಿಲ್ಲ. ಆ ಶರತ್ಕಾಲದಲ್ಲಿ ಅವಳು ಅಕ್ಕನ ಊರಿಗೆ ಹೊರಟುಹೋದಳು.

ನಾನು ಮಾಡಿದ ತಪ್ಪು ಗೇಟಿನಾಚೆ ಅಲ್ಲ, ಊಟದ ಮೇಜಿನ ಹತ್ತಿರ. ನೀನು ಸುಳ್ಳು ಹೇಳಿದೆ. ಕೈಗವಸು ನನ್ನ ಜೇಬಿನಲ್ಲಿ ಹಸಿಯಾಗಿ ತೊಡೆಗೆ ಅಂಟಿಕೊಂಡಿತ್ತು. ‘ಉಣ್ಣೆ ಏನು ಮರದಲ್ಲಿ ಬಿಡತ್ತಾ?’ ಎಂದು ನಿನ್ನಮ್ಮ ಗುದ್ರೂನ್ ನಿನ್ನನ್ನು ಬೈದಳು. ಭಾನುವಾರದ ಸ್ಕೀ ಪಂದ್ಯಕ್ಕೆ ಹೋಗಕೂಡದು ಎಂದಳು. ನೀನು ನನ್ನ ಕಡೆ ನೋಡಿದೆ. ನಾನು ಉಪ್ಪು ಕೇಳಿದೆ. ಆ ಚಳಿಗಾಲವೆಲ್ಲ ನೀನು ಅಭ್ಯಾಸ ಮಾಡಿದ ಪಂದ್ಯ ಅದು. ಕೊಲೆಗಾರರನ್ನು ಮಾತಾಡಿಸಿದ ಬಾಯಿಗೆ ಹನ್ನೊಂದು ವರ್ಷದ ಹುಡುಗಿಯ ಪರವಾಗಿ ಒಂದು ಮಾತು ಹೊರಡಲಿಲ್ಲ.

ಹೋದ ತಿಂಗಳು ಆ ಹೂವಿನ ವಿಷಯ ಬರೆದದ್ದು ನಾನಲ್ಲ, ನನ್ನ ಕೈ. ಬರೆದ ಮೇಲೆ ಗೊತ್ತಾಯಿತು. ನನ್ನ ಮುಖ ನೋಡಿ, ‘ಚೀಲ ಇನ್ನೂ ಹೋಗಿಲ್ಲ, ಕಾಗದ ವಾಪಸ್ ಬೇಕಾ?’ ಎಂದು ಯೊರುನ್ ಕೇಳಿದಳು. ಬೇಡ ಎಂದದ್ದು ನಾನೇ.

ಉತ್ತರ ತಡವಾಗಿದ್ದು ಹೆದರಿಕೆಯಿಂದ. ಆಮೇಲೆ ಇನ್ನೊಂದು ಕಾರಣವೂ ಸೇರಿತು. ಕೈಗವಸನ್ನು ಕಳಿಸೋಣ ಎಂದು ಹುಡುಕಿದೆ. ನನ್ನ ಯೂನಿಫಾರಂ ಟೋಪಿಯ ಪೆಟ್ಟಿಗೆಯಲ್ಲಿ, ತಳದ ಕಾಗದದ ಕೆಳಗೆ ಬಚ್ಚಿಟ್ಟಿದ್ದೆ. ಠಾಣೆಯ ಲಕೋಟೆ, ಮೇಲೆ ಅಭ್ಯಾಸದಂತೆ ನನ್ನದೇ ಅಕ್ಷರ: ‘ಒಂದು ಕೈಗವಸು, ಮಗುವಿನದು. ಸಿಕ್ಕ ಸ್ಥಳ: ತೋರಾ ಲೀನ್ ಮನೆಯ ಗೇಟು.’ ದಿನಾಂಕ, ಸಹಿ. ನನ್ನ ಮೇಲಿನ ಸಾಕ್ಷ್ಯವನ್ನು ನಾನೇ ಕ್ರಮಬದ್ಧವಾಗಿ ದಾಖಲಿಸಿದ್ದೆ. ಒಮ್ಮೆ ಇಟ್ಟವನು ಮತ್ತೆ ಮುಟ್ಟಿರಲಿಲ್ಲ.

ಲಕೋಟೆಯ ದಾರ ನೋಡಿದೆ. ಗಂಟು ನನ್ನದಲ್ಲ. ನಾನು ಬಿಗಿಯಾಗಿ ಎರಡು ಸುತ್ತು ಹಾಕುತ್ತೇನೆ. ಇದು ಚಿಟ್ಟೆಗಂಟು, ಎಳೆದರೆ ಬಿಚ್ಚುವಂಥದ್ದು.

ಹಿಂದಿನ ಹೇಳಿಕೆಗೆ ತಿದ್ದುಪಡಿ ಮಾಡಬೇಕಾಗಿದೆ. ಎಸಳು ಬಿಟ್ಟುಹೋಗಿಲ್ಲ. ಎಂಟೂ ಇವೆ. ಬಲಗಡೆಯ ಎಸಳ ಜಾಗದಲ್ಲಿ ಯಾರೋ ಸೂಜಿಯಿಂದ ಬಿಳಿ ಉಣ್ಣೆ ತುಂಬಿ, ಅಚ್ಚುಕಟ್ಟಾಗಿ ಹೂವನ್ನು ಪೂರ್ತಿ ಮಾಡಿದ್ದಾರೆ. ಉಳಿದ ಏಳಕ್ಕಿಂತ ಆ ಬಿಳಿ ಸ್ವಲ್ಪ ಹೊಸದು.

ಪ್ರತಿ ಹದಿನೇಳನೇ ಮೇ, ರಾಷ್ಟ್ರೀಯ ದಿನದ ಬೆಳಿಗ್ಗೆ, ಮೆರವಣಿಗೆಗೆ ಮೊದಲು, ಆ ಪೆಟ್ಟಿಗೆ ತೆರೆದು ಟೋಪಿಗೆ ಬ್ರಷ್ ಹಾಕಿ ನನ್ನ ಕೈಗೆ ಕೊಡುತ್ತಿದ್ದವಳು ಗುದ್ರೂನ್. ಇಪ್ಪತ್ತು ಚಿಲ್ಲರೆ ವರ್ಷ. ಇಡೀ ಮನೆಯಲ್ಲಿ ಅವಳು ವರ್ಷಕ್ಕೊಮ್ಮೆ ತಪ್ಪದೆ ತೆರೆಯುತ್ತಿದ್ದ ಒಂದೇ ಪೆಟ್ಟಿಗೆ, ಅದರಲ್ಲಿ ಬಚ್ಚಿಟ್ಟಿದ್ದೆ. ಪತ್ತೇದಾರನಂತೆ ಪತ್ತೇದಾರ!

ಅವಳು ಓದಿದಳು. ನೀನು ಎಲ್ಲಿ ಕಳೆದುಕೊಂಡೆ, ನಾನು ಎಲ್ಲಿದ್ದೆ, ಎರಡೂ ಒಂದೇ ಸಾಲಿನಲ್ಲಿತ್ತು. ಹೂವನ್ನು ಸರಿಮಾಡಿ ಮತ್ತೆ ಅಲ್ಲೇ ಇಟ್ಟಳು. ಯಾವ ವರ್ಷ ಎಂದು ತಿಳಿಯುವ ದಾರಿಯಿಲ್ಲ. ಜ್ಞಾಪಿಸಿಕೊಂಡು ನೋಡಿದೆ, ಒಂದು ಮೇ ತಿಂಗಳಲ್ಲಿ ಅವಳು ನಿನಗೆ ಹೊಸ ಸ್ಕೀ ಕೊಡಿಸೋಣ ಎಂದು ಹಟ ಹಿಡಿದಿದ್ದಳು. ಮೇ ತಿಂಗಳಲ್ಲಿ ಸ್ಕೀ! ನಾನು ನಕ್ಕಿದ್ದೆ.

ಒಂದು ಮನೆ, ಮೂರು ಜನ, ಮೂವರಿಗೂ ಗೊತ್ತು, ಮೂವರೂ ಉಳಿದಿಬ್ಬರಿಗೆ ಗೊತ್ತಾಗದಿರಲಿ ಎಂದು ಸುಮ್ಮನಿದ್ದರು. ಇದನ್ನು ನೀನು ಟೀವಿಯಲ್ಲಿ ತೋರಿಸಿದರೆ ನಂಬಲಾಗದು ಎಂದು ನಾನೂರ ಹನ್ನೆರಡು ಜನ ಬರೆಯುತ್ತಾರೆ.

ನಿನ್ನ ವಿಕ್ ಏನಾದ ಎಂದು ನಾನು ಕೇಳಲಿಲ್ಲ, ನಿನಗೆ ಗೊತ್ತು. ನನ್ನನ್ನು ಏನು ಮಾಡಿದೆ ಎಂದು ಕೇಳಿದೆ. ನೀನು ನನ್ನನ್ನು ಬೇರೆ ಕಿಟಕಿಯಲ್ಲಿ ನೋಡುವವನಾಗಿ ಮಾಡಿದೆ. ಅದು ತಪ್ಪು, ಆದರೆ ನನಗೆ ಸಲ್ಲಬೇಕಾದ್ದಕ್ಕಿಂತ ಹಗುರವಾದ ಶಿಕ್ಷೆ.

ಸಿಕ್ಕಿದ್ದನ್ನು ಕಂಬಕ್ಕೆ ತಗುಲಿಸಬೇಕು, ಜೇಬಿಗೆ ಹಾಕಿಕೊಳ್ಳಬಾರದು. ಇದು ಇಲ್ಲಿ ಮಕ್ಕಳಿಗೂ ಗೊತ್ತು. ನಾನು ಜೇಬಿಗೆ ಹಾಕಿಕೊಂಡೆ. ತೋರಾಳ ಮನೆಯೂ ಇಲ್ಲ, ಗೇಟೂ ಇಲ್ಲ, ಅಲ್ಲೀಗ ರಸ್ತೆ. ಆದ್ದರಿಂದ ನಾಳೆ ಬೆಟ್ಟಕ್ಕೆ ಹೋಗಿ ನಮ್ಮ ಮನೆಯ ಗೇಟಿನ ಕಂಬದ ಮೇಲೆ ಹಾಕುತ್ತೇನೆ. ಅಂಚೆಯಲ್ಲಿ ಕಳಿಸುವುದಿಲ್ಲ. ಕಳೆದುಕೊಂಡವರೇ ಬಂದು ತೆಗೆದುಕೊಳ್ಳಬೇಕು. ಪದ್ಧತಿ ಇರುವುದು ಹಾಗೆ.

ಅಪ್ಪ


ಬೆಟ್ಟದ ಮನೆಯ ಪುಸ್ತಕದಿಂದ
೨೩ ಜೂನ್ ೧೯೮೯

ಹವೆ: ಬಿಸಿಲು, ಮೇಲಿಂದ ಗಾಳಿ. ಉತ್ತರದ ಇಳಿಜಾರಿನಲ್ಲಿ ಇನ್ನೂ ಒಂದು ತುಂಡು ಹಿಮ.

ಬಂದವರು: ಔಡುನ್, ಸಿಗ್ನೆ. (ಸಿಗ್ನೆ ಈ ಪುಸ್ತಕದಲ್ಲಿ ಕೊನೆಯ ಸಲ ಬರೆದದ್ದು ಆಗಸ್ಟ್ ೧೯೬೫. ಪುಟ ತಿರುಗಿಸಿ ನೋಡಿದೆ. ಬರೀ ‘ಮಳೆ’ ಎಂದಿದೆ.)

ಊಟ: ಹೊಳೆಯ ಮೀನು, ಹುಳಿಕೆನೆ, ಹೊಸ ಆಲೂಗಡ್ಡೆ.

ಟೀವಿ: ಬ್ಯಾಟರಿ ತುಂಬಿದೆ. ಹಚ್ಚಲಿಲ್ಲ. ಕೊನೆಯ ಹತ್ತು ನಿಮಿಷವನ್ನು ಬರೆದವಳೇ ಮೆಟ್ಟಿಲ ಮೇಲೆ ಕೂತು ಮತ್ತೊಮ್ಮೆ ಹೇಳಿದಳು. ವೀಕ್ಷಕರು ನಡುನಡುವೆ ಆಕ್ಷೇಪ ಎತ್ತಿದ್ದರಿಂದ ಎರಡು ಗಂಟೆ ಹಿಡಿಯಿತು. ಇಬ್ಬರೂ ಎದ್ದು ಎರಡು ಸಲ ಮನೆ ಸುತ್ತು ಹಾಕಿ ಬಂದೆವು, ಬೇರೆ ಬೇರೆ ದಿಕ್ಕಿನಲ್ಲಿ.

ಕೈಗವಸು: ವಾರಸುದಾರಳು ಕಂಬದಿಂದ ತೆಗೆದುಕೊಂಡಿದ್ದಾಳೆ. ನಾಲ್ಕು ಬೆರಳು ಒಳಗೆ ಹೋಗುತ್ತವೆ, ಹೆಬ್ಬೆರಳು ಹೊರಗೆ.

ಎಂಟನೆಯ ಎಸಳು ಹೊಲಿದವಳು ಒಂದು ಮಾತೂ ಆಡಲಿಲ್ಲ,
ಗಂಟು ಬಿಚ್ಚಿ ನೋಡುವ ತನಕ ಮೂವರ ಕಥೆ ಕೂಡಲಿಲ್ಲ.

ಸಿಗ್ನೆ

ಪ್ರಾಸ ಸರಿಯಿದೆ. ಆಕ್ಷೇಪವಿಲ್ಲ.
ಬಸ್ಸು ಆರು ಗಂಟೆಗಿತ್ತು. ಕಾಫಿ ಕುಡಿದು ಹೊರಟಳು. ಎರಡು ಕಪ್ಪು.

ಔ. ಬ್ರೆಕ್ಕೆ